ಸಾರಿದ ದನಿ

ಹುಲಿಕುಂಟೆ
8-7-2024

ತಂಗಿ ಸಹನಾಳಿಗೆ ನಿನ್ನ ಅಣ್ಣ ರಂಗರಾಜು ಮಾಡುವ ಆಶೀರ್ವಾದ.

ನಾವೆಲ್ಲ ಕ್ಷೇಮ ಅಂತ ಬರೆಯಬೇಕು, ಬರೆದಿದ್ದೇನೆ. ಮಧುಗಿರಿಯಲ್ಲಿ ನೀನೂ ನಿನ್ನ ಶಾಲೆಯ ಮಕ್ಕಳೂ ಚೆನ್ನಾಗಿದ್ದೀರೆಂದು ನಂಬುತ್ತೇನೆ. ಕಾಗದ ತಡವಾಯಿತು, ಕ್ಷಮಿಸು. ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದು ತಿಳಿಯದೆ ಇಪ್ಪತ್ತು ದಿನ ಮೆಸೇಜ್ ಕಳಿಸುತ್ತಲೇ ಇದ್ದೆ. ಒಂದೇ ಟಿಕ್. ಊರಿನ ಮೊಬೈಲೆಲ್ಲ ರಿಪೇರಿ ಮಾಡುವವನು ನಾನು, ಕೊನೆಗೆ ಅಂಚೆ ಕಚೇರಿಗೆ ಹೋಗಿ ಲಕೋಟೆ ಕೊಂಡೆ.

ಅವ್ವನಿಗೆ ಸಕ್ಕರೆ ಕಾಯಿಲೆ ಹಾಗೇ ಇದೆ. ರಾಗಿ ಬೀಸಿಸಲು ಬಸ್ಸಿನಲ್ಲಿ ಶಿರಾಕ್ಕೆ ಹೋಗಿ ಬರುತ್ತಾಳೆ. ಯಾಕೆ ಅಂತ ನಿನಗೆ ಗೊತ್ತು. ಹೋಟೆಲಿನಲ್ಲಿ ಮೇಲ್ಜಾತಿಯವರಿಗೆ ಸ್ಟೀಲ್ ಲೋಟ, ನಮ್ಮ ಕೇರಿಯವರಿಗೆ ಪೇಪರ್ ಲೋಟ ಅನ್ನುವ ಭೇದ ನೀನು ಹುಟ್ಟುವ ಮುಂಚಿನಿಂದ ಇತ್ತು. ಆಗ ತೆಂಗಿನ ಚಿಪ್ಪು, ಈಗ ಪೇಪರ್. ಅಷ್ಟಾದರೂ ಸುಧಾರಿಸಿತ್ತಲ್ಲ! ನೀನು ರಜೆಗೆ ಬಂದವಳು ಟೀ ಕುಡಿದು ಸುಮ್ಮನೆ ಹೋಗಬಹುದಿತ್ತು. ವಿಡಿಯೋ ಮಾಡಿ ಬಿಟ್ಟೆ. ಮೂರು ಲಕ್ಷ ಜನ ನೋಡಿದರು, ತಹಶೀಲ್ದಾರರು ಬಂದರು, ಶಾಂತಿ ಸಭೆ ಆಯಿತು, ಹೋಟೆಲಿನವನು ಕ್ಷಮೆ ಕೇಳಿದ. ನೀನು ಗೆದ್ದೆ, ಬಸ್ಸು ಹತ್ತಿದೆ. ಇರಲಾರದೆ ಇರುವೆ ಬಿಟ್ಟುಕೊಂಡವಳು ನೀನು, ಕಚ್ಚಿಸಿಕೊಂಡವರು ನಾವು.

ಮಾರನೆಯ ದಿನ ಪಂಚಾಯ್ತಿ ಮೆಂಬರ್ ನಾಗಭೂಷಣ್ ನನ್ನನ್ನು ಕರೆಸಿದರು. ನನ್ನ ಅಂಗಡಿ ಇರುವುದು ಅವರ ಮಳಿಗೆಯಲ್ಲೇ. ಊರಿನ ವಾಟ್ಸಾಪ್ ಗುಂಪಿಗೆ ನನ್ನನ್ನು ಅಡ್ಮಿನ್ ಮಾಡಿದ್ದೂ ಅವರೇ. ಆ ದಿನ ಎಷ್ಟು ಹಿಗ್ಗಿದ್ದೆ ನಾನು! ಅಪ್ಪ ಬೀದಿ ಬೀದಿ ತಿರುಗಿ ಗಂಟಲು ಹರಿದುಕೊಂಡು ಊರಿಗೆ ಸುದ್ದಿ ಸಾರಿದ, ನಾನು ಕುರ್ಚಿಯಲ್ಲಿ ಕೂತು ಸಾರುತ್ತೇನೆ ಅಂತ ನಿನಗೇ ಫೋನ್ ಮಾಡಿ ಹೇಳಿದ್ದೆ. ಬೇರೆ ಊರುಗಳಲ್ಲಿ ತಮಟೆ ಬಡಿದು ಸಾರುತ್ತಿದ್ದರು. ನಮ್ಮಪ್ಪ ಮಾತ್ರ ಬರೀ ಬಾಯಲ್ಲಿ. ತಮಟೆಯನ್ನು ಇಲಿ ಕಡಿದು ಹಾಕಿದ್ದರಿಂದ ಅದು ಅಟ್ಟ ಸೇರಿತು ಅಂತಲೇ ನಾವು ನಂಬಿದ್ದೆವಲ್ಲ.

ನಾಗಭೂಷಣ್ ಹೇಳಿದರು: "ಕೇರಿಯೋರಿಗೆ ಕೂಲಿ ಇಲ್ಲ, ಮಿಲ್ ಇಲ್ಲ, ಡೈರಿಲಿ ಅವರ ಹಾಲು ತಗಳಂಗಿಲ್ಲ. ಇದನ್ನ ನಾನ್ ಹೇಳುದ್ರೆ ಕೇಸು ಕಣ್ಲಾ ರಂಗ. ನೀನ್ ಹೇಳುದ್ರೆ ನಿಮ್ಮನೆ ಜಗಳ. ಸಾರೋನ ಮ್ಯಾಲೆ ತಪ್ಪು ಬರಲ್ಲ, ನಿಮ್ಮಪ್ಪುನ್ನೇ ಕೇಳು."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಾನೇ ಆ ಕೋಲು. ಆದರೂ ಅವರು ಹೇಳಿದ್ದರಲ್ಲಿ ಸುಳ್ಳೇನಿದೆ? ಸಾರುವವನು ಊರಿನ ಬಾಯಿ, ಅಷ್ಟೇ. ಸಾವು ಸಾರುವವನು ಕೊಂದವನಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಒತ್ತಿ ನಲವತ್ತೇಳು ಸೆಕೆಂಡ್ ಮಾತಾಡಿದೆ. ಮೊದಲ ಸಲದ್ದು ಅವರಿಗೆ ಸಾಕಾಗಿತ್ತು. ನನಗೇ ಸಪ್ಪೆ ಅನ್ನಿಸಿ, ಅಪ್ಪನ ಹಾಗೆ "ಕೇಳ್ರಪ್ಪೋ ಕೇಳ್ರೀ" ಅಂತ ರಾಗ ಎಳೆದು ಇನ್ನೊಂದು ಮಾಡಿದೆ. ಅದನ್ನೇ ಗುಂಪಿಗೆ ಹಾಕಿದೆ.

ನಮ್ಮ ಕೇರಿಯ ನರಸಮ್ಮನ ಬಸುರಿ ಮಗಳನ್ನು ಆಟೋದವರು ಹತ್ತಿಸಿಕೊಳ್ಳದೆ, ಬೇರೆ ಗಾಡಿ ಸಿಗುವಷ್ಟರಲ್ಲಿ ಮಗು ಹೋಯಿತು. ಅದು ನನ್ನ ತಲೆಗೆ ಬರಬಾರದು. ಆಡಿಯೋ ಕೇಳಿ ನೋಡು, ಆಟೋ ಅನ್ನುವ ಮಾತನ್ನೇ ನಾನು ಆಡಿಲ್ಲ.

ನೀನೇ ಆ ಆಡಿಯೋವನ್ನು ಪೊಲೀಸರಿಗೆ ಕೊಟ್ಟೆಯಂತೆ. ದನಿ ಯಾರದೆಂದು ಇನ್ನೂ ಹೇಳಿಲ್ಲವಂತೆ. ಹಾಗಾದರೆ ಒಡಹುಟ್ಟಿದ ಕರುಳು ಎಲ್ಲೋ ಸ್ವಲ್ಪ ಉಳಿದಿದೆ. ಬರುವ ಸೋಮವಾರ ನಮ್ಮೆಲ್ಲರನ್ನೂ ಶಿರಾ ಠಾಣೆಗೆ ಕರೆದಿದ್ದಾರೆ. ಫೋನ್ ನನ್ನದು, ಮಾತಾಡಿದ್ದು ಅಪ್ಪ ಅಂತ ನಾನು ಹೇಳಿಕೆ ಕೊಟ್ಟಿದ್ದೇನೆ. ನೀನೂ ಅಷ್ಟೇ ಹೇಳು. ಎಂಬತ್ತು ದಾಟಿದ ಮುದುಕನನ್ನು ಯಾರು ಒಳಗೆ ಹಾಕುತ್ತಾರೆ? ಹಾಕಿದರೂ ಅವನಿಗೆ ಎಷ್ಟು ದಿನ? ನನಗೆ ಅಂಗಡಿ ಇದೆ, ಮಕ್ಕಳಿದ್ದಾರೆ. ಅವ್ವನಿಗೆ ಹೇಳಿದಾಗ, "ನನ್ನ ಮಡಿಲಾಗೆ ಎಂಥಾದ್ ಹುಟ್ತಲಾ" ಅಂದವಳು ಅವತ್ತಿನಿಂದ ಮಾತು ಬಿಟ್ಟಿದ್ದಾಳೆ. ರೊಟ್ಟಿ ಮಾತ್ರ ಹಾಕುತ್ತಾಳೆ.

ಬುದ್ಧ ನಿನ್ನನ್ನು ಚೆನ್ನಾಗಿಟ್ಟಿರಲಿ. ಊಟ ತಿಂಡಿ ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ ಅಣ್ಣ,
ರಂಗರಾಜು

ಮರೆತ ಮಾತು: ಅಪ್ಪ ಒಪ್ಪಿದ್ದಾನೆ. ಕೇಳಿದ ದಿನ ಬೈಯಲಿಲ್ಲ. "ಅಟ್ಟದ ಮ್ಯಾಲಿಂದ ತಮಟೆ ಇಳ್ಸು" ಅಂದ. ಇಳಿಸಿ ಬೆಳಕಿಗೆ ಹಿಡಿದೆ. ಇಲಿ ಕಡಿದಿರಲಿಲ್ಲ ಸಹನಾ. ಕುಡುಗೋಲಿನಲ್ಲಿ ಅಡ್ಡಕ್ಕೂ ಉದ್ದಕ್ಕೂ ಕೊಯ್ದ ಹಾಗಿತ್ತು. ನಾವಿಬ್ಬರೂ ಹುಟ್ಟುವ ಮುಂಚೆ, ಬಾವಿ ಜಗಳದಲ್ಲಿ, ಮೇಲ್ಜಾತಿಯವರು ಇಂಥದ್ದನ್ನೇ ನಮ್ಮ ಕೇರಿಯ ಮೇಲೆ ಸಾರು ಅಂದಿದ್ದರಂತೆ. ಅಪ್ಪ ಮನೆಗೆ ಬಂದು ತಾನೇ ಕೊಯ್ದು, ತಮಟೆ ಹರಿದೋಗೈತೆ ಅಂದನಂತೆ. ಅವನ ಎಡಗೈ ಮಡಚದೆ ಇರುವುದು ಲಕ್ವದಿಂದಲ್ಲ, ಅವತ್ತು ಬಿದ್ದ ಏಟಿನಿಂದ. ಇಷ್ಟು ಹೇಳಿ, "ನಾನೇ ಅಂತೀನಿ ಬುಡು. ಸಹನಾಗೆ ಮಾತ್ರ ಹೇಳ್ಬ್ಯಾಡ" ಅಂದ.

ಠಾಣೆಗೆ ಆ ತಮಟೆಯನ್ನೂ ತರುತ್ತೇನೆ ಅಂತ ಹಟ ಹಿಡಿದಿದ್ದ. ಅದನ್ನು ನೋಡಿದರೆ ಇಂಥದ್ದನ್ನು ಸಾರಿದವನು ಅವನಲ್ಲ ಅಂತ ಯಾರಿಗಾದರೂ ತಿಳಿಯುತ್ತದೆ. ಇವತ್ತು ಬೆಳಿಗ್ಗೆ ನೀರೊಲೆಗೆ ಹಾಕಿದೆ. ಆ ನೀರಿನಲ್ಲಿ ಮೊದಲು ಮಿಂದವನು ಅಪ್ಪನೇ. "ಚೆಂದಾಗ್ ಕಾದೈತೆ ಕಣ್ಲಾ" ಅಂದ.