ಕಬನೂರಿನ ಆಲದ ಗಿಡಕ್ಕೆ ಹತ್ತಿದ್ದು ರೋಗವಲ್ಲ, ನನ್ನ ಗಂಜಿ

ಉದ್ಯಾನ ಮತ್ತು ವೃಕ್ಷ ವಿಭಾಗದ ದೊಡ್ಡ ಸಾಹೇಬರೇ,

ನಿನ್ನೆ ಮಧ್ಯಾಹ್ನ ಪಾಳಿ ಮುಗಿಸಿ ಬಂದು, ಉಂಡು ಅಡ್ಡಾದಾಗ ಕೆಟ್ಟ ಕನಸು ಬಿತ್ತು. ತಮ್ಮ ಮಂದಿ ನಮ್ಮ ಮನೆಯೊಳಗ ಬಂದು, ನನ್ನ ಹೆಂಡತಿಯ ಬೆನ್ನಿಗೆ ಕೆಂಪು ಬಣ್ಣದಿಂದ ಕತ್ತರಿ ಗುರುತು ಹಾಕಿ, 'ಧೋಕಾದಾಯಕ', ಅಂದರ ಅಪಾಯಕಾರಿ, ಅಂತ ಬರೆದು ಹೋದರು. ಎದ್ದು ಕೂತೆ. ಆಕೆ ಅಡಿಗೆಮನೆಯಲ್ಲಿ ಕೆಮ್ಮುತ್ತಿದ್ದಳು. ಆ ಕೆಮ್ಮು ಕೇಳಿ ಸಮಾಧಾನ ಆಯಿತು ಅಂದರ ನನ್ನ ಅವಸ್ಥೆ ತಾವೇ ತಿಳಕೊಳ್ರಿ.

ನಿಜವಾಗಿ ತಾವು ಆ ಗುರುತು ಹಾಕಿಸಿದ್ದು ಕಬನೂರಿನ ಸಾರ್ವಜನಿಕ ಉದ್ಯಾನದ ಆಲದ ಗಿಡಕ್ಕೆ. 'ಬುಡಕ್ಕೆ ಬೂಷ್ಟು, ಗೆದ್ದಲು, ಒಳಗೆ ಪೊಳ್ಳು' ಅಂತ ತಮ್ಮ ಕಾಗದದಾಗ ಬರೆದದ. ಬರುವ ಸೋಮವಾರ ಕಡಿಯುತ್ತೀರಿ. ಗಿಡಕ್ಕೆ ಯಾವ ರೋಗವೂ ಇಲ್ಲ ಸಾಹೇಬರೇ. ತಪ್ಪು ನನ್ನದು. ಅದನ್ನ ಹೇಳಲಿಕ್ಕೆ, ಮಹಾರಾಷ್ಟ್ರದ ಕಚೇರಿ ಅಂತ ಮರಾಠಿಯಲ್ಲಿ ಎರಡು ಅರ್ಜಿ ಕೊಟ್ಟೆ, ಎರಡಕ್ಕೂ ಕಚೇರಿಯ ಗುಂಡನೆಯ ಶಿಕ್ಕಾ ಒತ್ತಿದರು, ಉತ್ತರ ಬರಲಿಲ್ಲ. ಅದಕ್ಕೇ ಈಗ ನಾಲ್ಕು ಮಂದಿ ಓದಲಿ ಅಂತ ನನ್ನ ಭಾಷೆಯಲ್ಲಿ, ಕನ್ನಡ ಪೇಪರಿಗೆ ಬರೆಯಾಕತ್ತೇನಿ. ಸಾಲಿ ಏಳನೇ ಇಯತ್ತೆಗೆ ಅರ್ಧಕ್ಕ ಬಿಟ್ಟವ, ಕಾಗದದ ರೀತಿ ತಪ್ಪಿದರ ಹೊಟ್ಯಾಗ ಹಾಕೊಳ್ರಿ.

ನಾನು ಸೈಜಿಂಗ್ ಕಾರಖಾನೆಯವ. ಮಗ್ಗಕ್ಕೆ ಏರುವ ಮೊದಲು ನೂಲಿಗೆ ಗಂಜಿ ಕುಡಿಸಿ ಗಟ್ಟಿ ಮಾಡುವುದು ನನ್ನ ಕೆಲಸ. ಕಾರಹುಣ್ಣಿಮಿ ದಿನ, ಇಲ್ಲಿಯವರು ವಟಪೌರ್ಣಿಮಾ ಅಂತಾರ, ನಮ್ಮ ಓಣಿಯ ಹೆಣ್ಣುಮಕ್ಕಳು ಗಂಡಂದಿರ ಆಯುಷ್ಯಕ್ಕಾಗಿ ಆ ಗಿಡಕ್ಕೆ ನೂಲು ಸುತ್ತುತ್ತಾರೆ. ಅಂಗಡಿಯ ಹಸಿ ನೂಲು ಸುತ್ತುವಾಗ ಪಟ್ಟನೆ ಕಡಿಯುತ್ತದೆ, ಅವರ ಮಾರಿ ಸಣ್ಣದಾಗುತ್ತದೆ. ಹೋದ ವರ್ಷ ಬಾಜೂ ಮನೆಯ ಸರಿತಾನ ನೂಲು ಮೂರು ಸಲ ಕಡಿದು ಆಕೆ ಅತ್ತಿದ್ದಳು. ಅದಕ್ಕ ಈ ಸಲ ನಾನೇ ಶಾಣ್ಯಾ ಆಗಿ, ಕಾರಖಾನೆಯಲ್ಲಿ ಉಳಿದ ಗಂಜಿ ನೂಲು ಒಂದು ಚೀಲ ತಂದುಕೊಟ್ಟೆ. "ಇದು ಕಡಿಯೂದಿಲ್ಲ ಯವ್ವಾ, ಈ ಸಿದ್ದಾರೂಢನ ಗ್ಯಾರಂಟಿ" ಅಂದೆ. ಹೌದು, ಕಡಿಯಲಿಲ್ಲ. ಓಣಿಗೆ ಓಣಿಯೇ ಬಂದು ಸುತ್ತಿತು. ಗಿಡದ ತೊಗಟೆ ಕಾಣದಂಗಾಯಿತು.

ಆಮೇಲೆ ಮಳಿ ಹಿಡೀತು. ಗಂಜಿ ನೆನೆದು ಉಬ್ಬಿತು, ಬೆಳ್ಳಗೆ ಬೂಷ್ಟು ಬಂತು, ಗಂಜಿ ತಿನ್ನಲಿಕ್ಕೆ ಗೆದ್ದಲು ಏರಿತು. ಅದೇ ಹೊತ್ತಿಗೆ ತಮ್ಮ ಸರ್ವೆಯವರು ಬಂದರು. ಜೀಪಿನಿಂದ ಇಳಿದರೇ? ಕೆಸರಿತ್ತು, ಬೂಟು ಹೊಸವು, ಯಾಕೆ ಇಳಿಯಬೇಕು! ಕಿಡಕಿಯಿಂದಲೇ ಗಿಡದ ಹೊಟ್ಟೆಯೊಳಗಿನ ಪೊಳ್ಳು ಕಂಡ ಆ ಕಣ್ಣುಗಳನ್ನು ನಮ್ಮ ಸರಕಾರಿ ದವಾಖಾನೆಗೆ ಕಳಿಸಿಕೊಡ್ರಿ, ಅಲ್ಲಿಯ ಎಕ್ಸ್-ರೇ ಯಂತ್ರ ಕೆಟ್ಟು ವರ್ಷವಾಯಿತು.

ಇದನ್ನೆಲ್ಲ ತಮ್ಮ ಕಚೇರಿಯ ಕಾರಕೂನರಿಗೆ ಬಿಡಿಸಿ ಹೇಳಿದೆ. ಅವರು ನಕ್ಕು, "ಕಾಕಾ, ಸೈಜಿಂಗ್ ಬಿಟ್ಟು ಗಿಡದ ಡಾಕ್ಟರ್ ಯಾವಾಗ ಆದ್ರಿ? ಫಾಯಿಲ್ ಪುಢಂ ಗೇಲಿ" ಅಂದರು. ಫೈಲು ಮುಂದೆ ಹೋಗಿದೆಯಂತೆ. ಗಿಡ ಇದ್ದಲ್ಲೇ ನಿಂತದಲ್ಲರಿ, ಅದನ್ನ ಹೋಗಿ ನೋಡಲಿಕ್ಕೆ ಏನು ತ್ರಾಸು? ಒಂದು ಗಿಡಕ್ಕೆ ಬದಲಾಗಿ ಊರ ಹೊರಗ ಹಾತಕಣಂಗಲೆ ರಸ್ತೆಗೆ ಹತ್ತು ಸಸಿ ಹಚ್ಚುತ್ತೀರಂತೆ. ಭಾಳ ಉಪಕಾರ. ಮೊಣಕಾಲುದ್ದದ ಸಸಿಯ ನೆರಳಿನಲ್ಲಿ ಕೂಡಲಿಕ್ಕೆ ನನ್ನ ಹೆಂಡತಿ ಅಲ್ಲಿತನಕ ಹೋಗಬೇಕೇನು? ನಮ್ಮ ಉದ್ಯಾನದಲ್ಲಿ ತಾವು ಕಟ್ಟಿಸಿದ ಸಿಮೆಂಟಿನ ಗಿಡವೊಂದಿದೆ, ಅದಕ್ಕೆ ವರ್ಷಾ ವರ್ಷಾ ಹಸಿರು ಬಣ್ಣ ಬಳಿಯುತ್ತೀರಿ. ಅದಕ್ಕೆ ಮಾತ್ರ ಎಂದೂ ರೋಗ ಬಂದಿಲ್ಲ.

ನನ್ನ ಹೆಂಡತಿ ಸುಶೀಲಾಬಾಯಿ ಇಪ್ಪತ್ತೆರಡು ವರ್ಷ ಮಗ್ಗದ ಕಂಡಿಕಿಗೆ ನೂಲು ಸುತ್ತಿದಾಕಿ. ಎದೆಯೊಳಗ ಹತ್ತಿಯ ಧೂಳು ಕೂತದ. ನಮ್ಮ ಮನೆಯ ಎರಡೂ ಕಡೆ ಮಗ್ಗ, ಕಿಡಕಿ ತೆಗೆದರ ಅರಳೆ ಹಾರಿ ಬರತದ. ದಿನಾ ಎರಡು ತಾಸು ಚೊಕ್ಕ ಗಾಳಿಯಲ್ಲಿ ಕೂಡಬೇಕು ಅಂತ ಡಾಕ್ಟರ್ ಹೇಳ್ಯಾರ. ಕಬನೂರಿನಲ್ಲಿ ಆಕೆಗೆ ಉಸಿರು ಸರಾಗ ಆಡುವ ಜಾಗ ಒಂದೇ, ಆ ಗಿಡದ ಬುಡ. ಅಲ್ಲಿ ಕೂತಾಗ ಕೆಮ್ಮು ನಿಲ್ಲುತ್ತದೆ. ನಾನು ಎಣಿಸುತ್ತಿರುತ್ತೇನೆ, ಸುಳ್ಳಲ್ಲ.

ನಾನೇ ನೂಲು ಕಡಿದು ತೋರಿಸಬಹುದಿತ್ತಲ್ಲ ಅಂತೀರಿ. ಹೋದೆ. ಒಂದು ಗೇಣು ನೂಲು ಸರಿಸಿ ಉಗುರಿನಿಂದ ಗೀರಿದೆ, ಕೆಳಗೆ ಹಸಿ ತೊಗಟೆ, ಬಿಳಿ ಹಾಲು ಬಂತು. ಅಷ್ಟರಲ್ಲಿ ವಾಚಮನ್ ಆಬಾಸಾಹೇಬ ಕೈ ಹಿಡಿದ. "ಕೆಂಪು ಗುರುತು ಬಿದ್ದ ಗಿಡಾ ಮುಟ್ಟಿದ್ರ ಗುನ್ಹಾ ರೀ. ನನ್ನ ನೌಕರಿ ತಗೀಬ್ಯಾಡ್ರಿ" ಅಂದ. ಅದೇ ಗಿಡವನ್ನು ಬುಡಸಮೇತ ಕಡಿಯುವುದು ಗುನ್ಹಾ ಅಲ್ಲ!

ಇನ್ನ ಹೆಣ್ಣುಮಕ್ಕಳು. ಆಯುಷ್ಯಕ್ಕೆ ಸುತ್ತಿದ ನೂಲಿಗೆ ಕತ್ತರಿ ಹಾಕಿದರೆ ಅಪಶಕುನ ಅಂತ ಯಾರೂ ಒಪ್ಪಲಿಲ್ಲ. ಎಂಟು ದಿನ ಓಣಿಯಲ್ಲಿ ಜಗಳ. "ನನ್ನ ಗಂಡಗ ಏನರ ಆದ್ರ ನೀವು ಬರ್ತೀರೇನ್ರಿ ಕಾಕಾ?" ಅಂತ ಸರಿತಾ ಕೇಳಿದಳು. ಆಗ ಸುಶೀಲಾಬಾಯಿ ಕೆಮ್ಮುತ್ತಲೇ ಎದ್ದು ಬಂದು, "ಮದಲ ನನ್ನ ನೂಲು ಕತ್ತರಸ್ತೇನಿ. ಇಂವಾ ಹೆಂಗೂ ಹೆದರಿ ಹೆದರಿನ ಅರ್ಧಾ ಸತ್ತಾನ. ಗಿಡಾ ಉಳದ್ರ ಬರೂ ವರ್ಷ ನಮ್ಮಿಬ್ಬರ ಗಂಡಂದಿರ ಸಲುವಾಗೂ ಸುತ್ತೂಣಂತ" ಅಂದಳು. ಸರಿತಾ ನಕ್ಕಳು, ಆಮೇಲೆ ಅತ್ತಳು. ಈಗ ಎಲ್ಲರೂ ಒಪ್ಪ್ಯಾರ. ತಮ್ಮ ಅಪ್ಪಣೆ ಒಂದೇ ಬಾಕಿ.

ನನಗೆ ದಂಡ ಹಾಕ್ರಿ, ಠಾಣೆಗೆ ಕರೆಸ್ರಿ, ಬರ್ತೀನಿ. ಆದರೆ ಸೋಮವಾರದ ಕಡಿತ ನಿಲ್ಲಿಸ್ರಿ, ನಮ್ಮ ಹೆಣ್ಣುಮಕ್ಕಳಿಗೆ ನೂಲು ತೆಗೆಯಲಿಕ್ಕೆ ಒಂದು ತಾಸು ಕೊಡ್ರಿ. ಆಮೇಲೆ ತಮ್ಮ ಕಾಗದದಲ್ಲಿ 'ಬುಡದ ಸ್ಥಿತಿ' ಅನ್ನುವ ಒಂದೇ ಒಂದು ಖಾನೆಯನ್ನು, ಜೀಪಿನಿಂದ ಇಳಿದು, ಉಗುರಿನಿಂದ ಒಂದು ಗೀರು ಹಾಕಿ, ಮತ್ತೊಮ್ಮೆ ತಪಾಸಿ ನೋಡ್ರಿ.

ಇಂತಿ,
ಗ್ಯಾರಂಟಿ ಕೊಟ್ಟು ಕೆಟ್ಟವ,
ಸಿದ್ದಾರೂಢ, ಸೈಜಿಂಗ್ ಕಾಮಗಾರ, ಕಬನೂರ