ಮೂಗಿನ ತುಪ್ಪಕ್ಕೊಂದು ಅಡಿಬರಹ

ಕಲಬುರಗಿ, ಮೂರನೆಯ ಓಣಿ
ಮೇ ೫೧, ೨೩೧೭

ಮಾನ್ಯ ಗುರುಲಿಂಗ ಹತ್ತಿಕಾಳರಿಗೆ,

ತಾರೀಖು ತಪ್ಪಲ್ಲ. ನಮ್ಮಲ್ಲಿ ಮೇ ತಿಂಗಳಿಗೆ ಎಪ್ಪತ್ತು ದಿನ. ಸೆಕೆ ಮುಗಿಯದೆ ಜೂನ್ ಎನ್ನಲು ಯಾರಿಗೂ ಮನಸ್ಸು ಬರಲಿಲ್ಲ. ನನ್ನ ಕನ್ನಡ ವಿಚಿತ್ರವೆನಿಸಿದರೆ ಮನ್ನಿಸಿ, ನಿಮ್ಮ ಕಾಲದ ಮಾತನ್ನು ಹರಿದ ನಿಘಂಟಿನಿಂದ ಕಲಿತವಳು ನಾನು. ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಸಲ ಸಿಗುತ್ತದೆ. ಉಳಿದವರು ಅದರಲ್ಲಿ ಮುತ್ತಜ್ಜಂದಿರ ಕ್ಷೇಮ ವಿಚಾರಿಸುತ್ತಾರೆ. ನಾನು ನಿಮ್ಮನ್ನು ಬೈಯಲು ಬಳಸುತ್ತಿದ್ದೇನೆ.

ನಾನು ನೀಲಗಂಗಾ, ನಮ್ಮ ಓಣಿಸಭೆಯ ಚಿತ್ರಪಾಲಕಿ. ಹನ್ನೊಂದು ವರ್ಷದಿಂದ ನನಗೆ ಒಪ್ಪಿಸಿರುವುದು ನಿಮ್ಮೊಬ್ಬರನ್ನೇ. ನೀವು 'ಬಯಲುವಾಣಿ' ಪತ್ರಿಕೆಗೆ ಕರಡು ತಿದ್ದಲು ಸೇರಿದ್ದು, ಕಾಗುಣಿತ ತಿದ್ದಿ ತಿದ್ದಿ ಅಕ್ಷರಗಳ ಮೇಲೆಯೇ ಬೇಸರ ಹುಟ್ಟಿ ಗೆರೆ ಎಳೆಯತೊಡಗಿದ್ದು, ಮೂವತ್ತನಾಲ್ಕು ವರ್ಷ ಮುಖಪುಟದ ಮೂಲೆಯಲ್ಲಿ ಒಂದೂ ಅಕ್ಷರವಿಲ್ಲದ ವ್ಯಂಗ್ಯಚಿತ್ರ ಬರೆದದ್ದು, ಎಲ್ಲ ಹಿಂದಿನ ಚಿತ್ರಪಾಲಕರ ಬಾಯಿಂದ ಕೇಳಿ ಕೇಳಿ ನನಗೆ ಬಾಯಿಪಾಠ. ಸಂಪಾದಕರು ಒಮ್ಮೆ ಕೇಳದೆ ಅಡಿಬರಹ ಸೇರಿಸಿದ್ದಕ್ಕೆ ಮೂರು ವಾರ ಮುನಿಸಿಕೊಂಡು ಮನೆಯಲ್ಲಿ ಕೂತಿರಂತೆ. ಪ್ರಶಸ್ತಿ ಪಡೆದ ದಿನ ವೇದಿಕೆಯ ಮೇಲೆ, "ಚಿತ್ರದ ಕೆಳಗ ಬರಿಯೋದಂದ್ರ ನೋಡೋರಿಗಿ ದಡ್ಡ ಅಂದಂಗ" ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದಿರಿ. ತಟ್ಟಿದವರು ತಟ್ಟಿ ಹೋದರು. ಪಾಡು ಪಡುತ್ತಿರುವವರು ನಾವು.

ಪ್ರಶಸ್ತಿ ತಂದ ಆ ಚಿತ್ರವನ್ನು ತಾಮ್ರದ ಫಲಕದಲ್ಲಿ ಕೊರೆಸಿ ಕೊಟ್ಟಿದ್ದರಲ್ಲ. ಡಬ್ಬಿ ಹಿಡಿದ ಮಂತ್ರಿ, ಸಾಲಾಗಿ ನಿಂತ ಜನರ ಮೂಗಿಗೆ ತುಪ್ಪ ಸವರುತ್ತಿದ್ದಾನೆ. ನಿಮ್ಮ ಪತ್ರಿಕೆಗಳನ್ನು ಗೆದ್ದಲು ತಿಂದಿತು, ಮೂಗಿಗೆ ತುಪ್ಪ ಸವರುವ ಮಾತೂ ಜನರ ಬಾಯಿಂದ ಅಳಿಯಿತು, ಫಲಕವೊಂದು ಉಳಿಯಿತು. ಓಣಿಸಭೆ ಕಟ್ಟಿದ ಹಿರಿಯರು ಅದನ್ನು ನೋಡಿ, ಇದು ಪೂರ್ವಜರ ಸಂಪ್ರದಾಯವೆಂದು ನಿರ್ಧರಿಸಿದರು. ಅಂದಿನಿಂದ ವರ್ಷಕ್ಕೊಮ್ಮೆ ತುಪ್ಪದ ದಿನ. ನಾವು ಏನೇ ಕೇಳಿರಲಿ, ಅಧ್ಯಕ್ಷರು ಬಂದು ನಿಷ್ಠೆಯಿಂದ ಮೂಗಿಗೆ ತುಪ್ಪ ಸವರುತ್ತಾರೆ. ಜನ ಕೈಮುಗಿದು ಮನೆಗೆ ಹೋಗುತ್ತಾರೆ.

ನಾವು ಕೇಳುತ್ತಿರುವುದು ನೆರಳುಪಟ. ಮಾಳಿಗೆಯಿಂದ ಮಾಳಿಗೆಗೆ ಓಣಿಯುದ್ದ ಎಳೆದು ಕಟ್ಟುವ ದಪ್ಪ ಬಟ್ಟೆ ಅದು. ಅದಿಲ್ಲದ ಓಣಿಯಲ್ಲಿ ಒಂಬತ್ತರಿಂದ ಸಂಜೆ ಆರರವರೆಗೆ ಹೊರಗೆ ಕಾಲಿಡುವಂತಿಲ್ಲ. ಹೆರಿಗೆ ನೋವು ಬಂದರೂ ಬಿಸಿಲಿಳಿಯುವವರೆಗೆ ಕಾಯಬೇಕು. ಹೋದ ವರ್ಷ ನನ್ನ ತಂಗಿ ಹಾಗೆ ಕಾಯುತ್ತಲೇ ತೀರಿಕೊಂಡಳು. ಹತ್ತೊಂಬತ್ತು ವರ್ಷ ಕೇಳಿದ್ದೇವೆ, ಹತ್ತೊಂಬತ್ತು ಸಲ ತುಪ್ಪ ಸವರಿಸಿಕೊಂಡಿದ್ದೇವೆ.

ನಿಘಂಟಿನಲ್ಲಿ ಆ ಮಾತಿನ ಅರ್ಥ ಸಿಕ್ಕ ದಿನವೇ ಸಭೆಗೆ ಓಡಿದೆ. ಇದು ಸಂಪ್ರದಾಯವಲ್ಲ, ಅಣಕ. ಹುಸಿ ಆಸೆ ತೋರಿಸಿ ಸಾಗಹಾಕುವುದು ಎಂದರ್ಥ ಎಂದೆ. ಅಧ್ಯಕ್ಷರು ಫಲಕವನ್ನು ಗೋಡೆಯಿಂದ ಇಳಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿ, "ಹಂಗಂತ ಇದರಾಗ ಎಲ್ಲಿ ಬರದಾರ?" ಎಂದರು. ಎಲ್ಲಿ ಬರೆದಿದ್ದೀರಿ, ಹತ್ತಿಕಾಳರೇ? ಒಂದು ಸಾಲು ಗೀಚಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಈ ಕಾಗದ ಸಿಗುವಾಗ ಫಲಕ ಇನ್ನೂ ನಿಮ್ಮ ಕೈಯಲ್ಲೇ ಇರುತ್ತದೆ, ದಯವಿಟ್ಟು, ಕೆಳಗೆ ಇಷ್ಟಾದರೂ ಕೊರೆಸಿ: ಇದು ಮೋಸ.

ಇಲ್ಲಿಯವರೆಗಿನದನ್ನು ನಿನ್ನೆ ಬರೆದಿದ್ದೆ. ಇಂದು ತುಪ್ಪದ ದಿನ. ಸಾಲಿನಲ್ಲಿ ನನ್ನ ಮುಂದೆ ಪಕ್ಕದ ಮನೆಯ ಹಾಲವ್ವ ನಿಂತಿದ್ದಳು. ಎಂಬತ್ತು ದಾಟಿದವಳು, ಓದು ಬರಹ ಬಾರದವಳು. ಅಧ್ಯಕ್ಷರು ಸವರಿದ ತುಪ್ಪವನ್ನು ನೆಕ್ಕಲು ನಾಲಿಗೆ ಚಾಚಿದಳು. ಎಟುಕಲಿಲ್ಲ. ಮತ್ತೊಮ್ಮೆ ಚಾಚಿದಳು. ಕೊನೆಗೆ ಸೆರಗಿನಿಂದ ಮೂಗು ಒರೆಸಿಕೊಂಡು, "ವಾಸನಿ ನಮಗ, ಡಬ್ಬಿ ನಿಮಗ. ಇದು ಇರ್ಲಿ, ನೆರಳ ಯಾವಾಗ ಕಟ್ಟತೀರಿ ಅದು ಹೇಳ್ರಿ" ಎಂದಳು. ಹಿಂದಿನಿಂದ ಯಾರೋ ನಕ್ಕರು. ಆಮೇಲೆ ಸಾಲಿನವರೆಲ್ಲ ಗೋಡೆಯ ಮೇಲಿನ ಫಲಕದ ಕಡೆ ತಿರುಗಿದರು, ನೋಡಿದರು, ಇನ್ನೂ ಜೋರಾಗಿ ನಕ್ಕರು. ಮುಂದೆ ಯಾರೂ ಮೂಗು ಕೊಡಲಿಲ್ಲ. ನೆರಳು ಯಾವಾಗ ಎಂದು ಒಬ್ಬೊಬ್ಬರಾಗಿ ಕೇಳತೊಡಗಿದರು. ಅಧ್ಯಕ್ಷರು ಡಬ್ಬಿ ಹಿಡಿದು, ಥೇಟ್ ನಿಮ್ಮ ಮಂತ್ರಿಯಂತೆಯೇ ನಿಂತಿದ್ದರು.

ಆದ್ದರಿಂದ ಅಡಿಬರಹ ಬೇಡ. ನನ್ನ ಕೋರಿಕೆಯನ್ನು ವಾಪಸ್ ತೆಗೆದುಕೊಂಡಿದ್ದೇನೆ. ನೀವು ವೇದಿಕೆಯ ಮೇಲೆ ಹೇಳಿದ್ದೇ ಸರಿ, ನೋಡುವವರು ದಡ್ಡರಲ್ಲ. ಆದರೆ ಈ ನಗು ಒಂದು ವರ್ಷ ಮೊದಲು ಬಂದಿದ್ದರೆ ನನ್ನ ತಂಗಿ ಉಳಿಯುತ್ತಿದ್ದಳು. ಇನ್ನು ಮುಂದೆ ಬರೆಯುವ ಚಿತ್ರಗಳನ್ನಾದರೂ ಸ್ವಲ್ಪ ಬೇಗ ಅರ್ಥವಾಗುವಂತೆ ಬರೆಯಿರಿ.

ಇಂತಿ,
ನೀಲಗಂಗಾ