ಪಾಲಯ್ಯನ ಮೀಸೆಯ ಹಾಡು

ಬಳ್ಳಾರಿ, ಬ್ರೂಸ್‌ಪೇಟೆ
2 ಜುಲೈ 1894, ಸೋಮವಾರ

ಕೋರ್ಟಿನಿಂದ ಮನೆಗೆ ಆರಕ್ಕೆ. ಈ ದಿನ ಇಂಗ್ಲಿಷಿಗೆ ತರ್ಜುಮೆ ಮಾಡಿದ್ದು: ಒಂದು ಎಮ್ಮೆ ಕಳವು, ಎರಡು ಬದುವಿನ ತಕರಾರು, ಒಂದು ಬೈಗುಳ. ಬೈಗುಳ ಕೇಳಿ ಮ್ಯಾಜಿಸ್ಟ್ರೇಟ್ ದೊರೆ, ‘ಇದರಲ್ಲಿ ಸಿಟ್ಟಾಗುವಂಥದ್ದು ಏನಿದೆ?’ ಎಂದರು. ಇತ್ತು ಸ್ವಾಮಿ, ಬೇಕಾದಷ್ಟಿತ್ತು. ಕನ್ನಡದಿಂದ ಹೊರಟದ್ದು ದಾರಿಯಲ್ಲಿ ಉದುರಿತು.

ಮನೆಯಲ್ಲಿ ಇನ್ನೊಂದು ಕೇಸು. ಮಗಳು ಜಂಬಿ, ವಯಸ್ಸು ಐದು, ಹರಳೆಣ್ಣೆ ಒಲ್ಲೆನೆಂದು ಬಾಯಿಗೆ ಬೀಗ. ಮನೆಯವಳು ಬಟ್ಟಲು ಹಿಡಿದು ಕೂತಿದ್ದಾಳೆ. (ಈ ಪುಸ್ತಕದಲ್ಲಿ ಆಕೆಯ ಹೆಸರು ಹೈಕೋರ್ಟು. ಆಕೆಯ ಮೇಲೆ ಅಪೀಲಿಲ್ಲ.)

ಮಧ್ಯಾಹ್ನದ ಮಳೆ ನೆನಪಾಯಿತು. ಸಿರುಗುಪ್ಪದ ಅಕ್ಕಿ ಸಾಹುಕಾರ ಪಾಲಯ್ಯ ಕೋರ್ಟಿನ ಮುಂದೆ ತೋಯ್ದು, ಮೀಸೆಯ ಕಪ್ಪು ಗಲ್ಲಕ್ಕೆ, ಗಲ್ಲದಿಂದ ಶಲ್ಯಕ್ಕೆ ಇಳಿದದ್ದು. ಕೂತಲ್ಲೇ ಕಟ್ಟಿದೆ —

ಪ್ಯಾಟಿಗೆ ಹೊಂಟಾನ ಪಾಲಯ್ಯ
ಮೀಸಿಗಿ ಮಸಿ ಬಳಕೊಂಡು
ಮಳಿರಾಯ ಬಂದಾನ, ಮಾರಿ ತೊಳದಾನ
ಓಡ್ಯಾನ ಪಾಲಯ್ಯ ಬಿಳಿಮೀಸಿ ತೊಗೊಂಡು

ಜಂಬಿ ನಕ್ಕಳು. ಬಾಯಿ ತೆರೆಯಿತು. ಎಣ್ಣೆ ಒಳಗೆ. ಕೇಸು ಖುಲಾಸೆ.

“ಇನ್ನೊಮ್ಮಿ ಹಾಡಪ್ಪಾ.”

ಹನ್ನೊಂದು ಸಲ ಹಾಡಿದೆ.

11 ಜುಲೈ

ಕುರುಗೋಡಿನ ಬಳೆಗಾರ ನನ್ನೇಸಾಬ ಬಂದಿದ್ದ. ಮಕ್ಕಳಿಗೆ ಬಳೆ ತೊಡಿಸುವುದರಲ್ಲಿ ಈತನ ವಿದ್ಯೆಯೇ ಬೇರೆ. ಕೈ ಹಿಡಿದ ಕೂಡಲೇ ಹಾಡು ಶುರು. ಹಾಡು ಕೇಳುತ್ತ ಮಗು ಮೈಮರೆಯುತ್ತದೆ, ಕೈ ಸಡಿಲಾಗುತ್ತದೆ, ಬಳೆ ಏರಿಬಿಟ್ಟಿರುತ್ತದೆ. ಇಂದು ಉಲ್ಟಾ. ಜಂಬಿಯೇ ಅವನಿಗೆ ಹಾಡು ಕಲಿಸಿದಳು.

“ಯಾರು ಕಟ್ಟಿದ್ದವ್ವಾ ಇದು?”

“ನಮ್ಮಪ್ಪ.”

ನಾನು ಬಹಳ ಆಸಕ್ತಿಯಿಂದ ಪಂಚಾಂಗ ನೋಡತೊಡಗಿದೆ. ಸರಕಾರಿ ನೌಕರ. ಊರ ದೊಡ್ಡವರ ಮೇಲೆ ಲಾವಣಿ ಕಟ್ಟುವುದು ನನ್ನ ಹುದ್ದೆಯ ನಿಯಮಗಳಲ್ಲಿ ಎಲ್ಲೂ ಇಲ್ಲ.

ನನ್ನೇಸಾಬ ನಕ್ಕ. “ಮುನ್ಷಿ ಸಾಹೇಬ್ರ, ಎಂಥಾ ಬಿಗಿ ಕೈಗೂ ಏರತೈತ್ರಿ ಈ ಹಾಡು.”

ಮಲಗುವ ತನಕ ಈ ಮಾತನ್ನೇ ಚಪ್ಪರಿಸಿದೆ.

5 ಆಗಸ್ಟ್, ಭಾನುವಾರ

ಕೌಲ್ ಬಜಾರಿನಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ನನ್ನ ಹಾಡು ಎದುರಿನಿಂದಲೇ ಬಂತು. ನಾಲ್ಕು ಮಕ್ಕಳು, ಒಂದು ಮುರುಕು ಡಬ್ಬಿ. ಎದೆ ಉಬ್ಬಿತು… ಅಷ್ಟರಲ್ಲಿ ಇನ್ನೊಂದು ನುಡಿ. ನನ್ನದಲ್ಲ!

ಹೆಣ್ಣ ನೋಡಾಕ ಹೊಂಟಾನ ಪಾಲಯ್ಯ
ಮೊಮ್ಮಗಳ ಕೈ ಹಿಡಕೊಂಡು
ಮದುಮಗಳ ತಂದೀರೇನ್ರಿ ಅಂತ
ಕೇಳ್ಯಾರ ಬಾಗಲದಾಗ ನಿಂತ್ಕೊಂಡು

ಯಾರು ಕಟ್ಟಿದರು? ತರಕಾರಿ ಮಾರುವ ಮಾರೆಮ್ಮನನ್ನು ಕೇಳಿದೆ. “ರೂಪನಗುಡ್ಯಾಗ ಬೀಸೋ ಹೆಣ್ಮಕ್ಕಳು ಕೂಡಿಸ್ಯಾರಂತ್ರಿ. ಮೊದಲಿಂದು ಯಾರೋ ಗಂಡಸು ಕಟ್ಟಿದ್ದಿರಬೇಕು, ಸಪ್ಪಗ ಐತಿ.”

ಬದನೆಕಾಯಿ ಆರಿಸದೆ ತಂದೆ. ಅರ್ಧಕ್ಕರ್ಧ ಹುಳುಕು. ಹೈಕೋರ್ಟಿನ ಟೀಕೆ ಇಲ್ಲಿ ದಾಖಲಿಸುವುದಿಲ್ಲ.

16 ಆಗಸ್ಟ್

ಪಾಲಯ್ಯನ ವಿಷಯ ಪೂರ್ತಿ ತಿಳಿಯಿತು. ಐವತ್ತನಾಲ್ಕು ವರ್ಷ, ಹೆಂಡತಿ ತೀರಿ ಎರಡು ವರ್ಷ. ರೂಪನಗುಡಿಯ ಹನ್ನೆರಡರ ಹುಡುಗಿಯೊಂದನ್ನು ಗೊತ್ತು ಮಾಡಿಕೊಂಡಿದ್ದನಂತೆ. ವೀಳ್ಯ ಹಿಡಿದುಕೊಂಡು ಊರೊಳಗೆ ಕಾಲಿಟ್ಟರೆ ಅಗಸೆಬಾಗಿಲಿನಿಂದ ಹುಡುಗಿಯ ಮನೆಯ ತನಕ ಮಕ್ಕಳು ಹಾಡುತ್ತ ಹಿಂದೆ ಬಂದವಂತೆ. ಹುಡುಗಿಯ ಅಜ್ಜಿ ಬಾಗಿಲಲ್ಲೇ ನಕ್ಕುಬಿಟ್ಟಳಂತೆ. ಸಂಬಂಧ ಮುರಿಯಿತು.

ಜಂಬಿ ಮಲಗಿದ್ದಳು. ಇನ್ನೇಳು ವರ್ಷಕ್ಕೆ ಇವಳಿಗೂ ಹನ್ನೆರಡು. ಹಾಡಿನ ಎರಡನೆಯ ನುಡಿಯ ಮೇಲಿದ್ದ ಹೊಟ್ಟೆಕಿಚ್ಚು ಹೋಯಿತು. ಸ್ವಲ್ಪ ಉಳಿದಿದೆ.

21 ಆಗಸ್ಟ್

ನನ್ನೇಸಾಬನನ್ನು ಹಿಡಿದು ತಂದಿದ್ದಾರೆ. ಪಾಲಯ್ಯ ಮಾನಹಾನಿಯ ಫಿರ್ಯಾದು ಕೊಟ್ಟಿದ್ದಾನೆ: ಬಳೆಗಾರ ಊರೂರು ತಿರುಗಿ ಹಾಡು ಬಿತ್ತಿದ, ಮದುವೆ ಕೆಟ್ಟಿತು. ಜಾಮೀನಿಗೆ ಯಾರೂ ಇಲ್ಲ. ಸರಕಾರಿ ನೌಕರ ಜಾಮೀನು ನಿಲ್ಲುವಂತಿಲ್ಲ. ಈ ನಿಯಮ ನೆನಪಾದಾಗ ಆದ ನೆಮ್ಮದಿ ನೆನೆದರೆ ನನಗೇ ನಾಚಿಕೆ.

ನಾಳೆ ವಿಚಾರಣೆ. ಹಾಡನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿ ಹಾಜರುಪಡಿಸಬೇಕು. ಯಾರು? ನಾನು.

22 ಆಗಸ್ಟ್

ದೊರೆ ನನ್ನ ಇಂಗ್ಲಿಷ್ ಓದಿದರು. “ಒಬ್ಬ ವರ್ತಕ ಪೇಟೆಗೆ ಹೋದ. ಮಳೆ ಬಂತು. ಹಿಂತಿರುಗಿದ. ಇದರಲ್ಲಿ ಅಪರಾಧ ಎಲ್ಲಿದೆ?”

ಪಾಲಯ್ಯನ ವಕೀಲರು ಎದ್ದರು. ಓದಿದರೆ ತಿಳಿಯದು ಖಾವಂದರೆ, ಹಾಡಿಸಬೇಕು.

ಹಾಡಿಸಿದರು. ನನ್ನೇಸಾಬ ಕಟಕಟೆ ಹಿಡಿದು ಮೆಲ್ಲಗೆ ಶುರುಮಾಡಿದ. ಎರಡನೆಯ ಸಾಲಿಗೆ ಪಂಖಾ ಎಳೆಯುವ ಮುದುಕ ಪಕ್ಕೀರಪ್ಪನ ಹಗ್ಗ ತಾಳಕ್ಕೆ ಬಿತ್ತು. ಜವಾನರ ಭುಜ ಕುಣಿದವು. ದೊರೆಯ ಬೂಟು ಮೇಜಿನ ಕೆಳಗೆ ತಟ್ಟುತ್ತಿತ್ತು — ನಾನು ಕಂಡೆ. ಪಾಲಯ್ಯ ಒಬ್ಬನೇ ತನ್ನ ಅಂಗೈ ನೋಡುತ್ತ ನಿಂತಿದ್ದ. ದೊರೆ ಅವನನ್ನು ಕಂಡರು, ಬೂಟು ನಿಂತಿತು.

ಪ್ರಶ್ನೆ: ಹಾಡು ಕಟ್ಟಿದವನ ಹೆಸರು ಹೇಳಿದರೆ ನಿನ್ನನ್ನು ಈಗಲೇ ಬಿಡಬಹುದು. ಯಾರು?

ಇದನ್ನು ಕನ್ನಡದಲ್ಲಿ ಕೇಳಬೇಕಾದವನು ನಾನು. ಕೇಳಿದೆ. ನನ್ನ ಬಾಯಿಂದಲೇ.

ನನ್ನೇಸಾಬ ನನ್ನ ಮುಖವನ್ನೇ ನೋಡಿದ. “ಗೊತ್ತಿಲ್ರಿ. ಹಾಡಂದ್ರ ಬಳಿ ಇದ್ದಂಗ್ರಿ. ಯಾರ ಕೈಯಾಗ ಸಪ್ಪಳ ಮಾಡತೈತೋ ಅವರದು.”

ಅಕ್ಷರ ಬಿಡದೆ ತರ್ಜುಮೆ ಮಾಡಿದೆ. ಇಷ್ಟು ಸರಿಯಾಗಿ ಎಂದೂ ಮಾಡಿಲ್ಲ. ಇಷ್ಟು ಹೇಡಿಯಾಗಿಯೂ.

ಇಪ್ಪತ್ತೊಂಬತ್ತಕ್ಕೆ ತೀರ್ಪು. ಅಲ್ಲಿಯ ತನಕ ಬಳೆಗಾರ ಸೆರೆಮನೆಯಲ್ಲಿ. ಆಮೇಲೆಯೂ ಅಲ್ಲಿಯೇ ಇರಬಹುದು.

ರಾತ್ರಿ ಊಟಕ್ಕೆ ಮುಂಚೆ ಹೈಕೋರ್ಟಿನ ತೀರ್ಪು ಬಂತು. “ಬಳಿಗಾರ ಬಾಯಿ ಮುಚಿಗೊಂಡಾನ. ನೀವೂ ಮುಚಿಗೊಂಡೀರಿ. ಇಬ್ಬರದೂ ಒಂದಽ ಏನ್ರಿ?”

“ನೌಕರಿ ಹೋದ್ರ?”

“ಹೋಗ್ಲಿ. ಹರಳೆಣ್ಣಿ ಮಾರೋಣ. ಹಾಡಕೋಂತ.”

23 ಆಗಸ್ಟ್, ಕುರುಗೋಡು

ರಜೆ ಹಾಕಿ ಸಿರುಗುಪ್ಪಕ್ಕೆ ಹೊರಟಿದ್ದೇನೆ, ಪಾಲಯ್ಯನ ಕಾಲಿಗೆ ಬೀಳಲು. ರಜೆಗೆ ಕಾರಣ: ಅಸ್ವಸ್ಥತೆ. ಸುಳ್ಳಲ್ಲ.

ಎತ್ತು ಬಿಚ್ಚಿದ ಊರಲ್ಲೇ ನನ್ನೇಸಾಬನ ಮನೆ. ಅವನ ತಾಯಿ ಕುಬ್ರಾಬಿ ಜೋಳದ ರೊಟ್ಟಿ, ಪುಂಡಿಪಲ್ಲೆ ಇಟ್ಟಳು. ಹಾಡು ಕಟ್ಟಿದವನು ಯಾರೆಂದು ಆಕೆಗೆ ತಿಳಿಯದು. ನಾನು ಕೋರ್ಟಿನವನು ಎಂದಷ್ಟೇ ಗೊತ್ತು.

“ಹಾಡಿದ್ದಕ್ಕ ಸೆರಿಮನಿ ಅಂತ ಗೊತ್ತಿದ್ರ, ಹುಟ್ಟಿದಾಗ ಅಳಾಕೂ ಬಿಡ್ತಿದ್ದಿಲ್ರೀ ನಾನು. ಅದೇನು ಹಾಡೈತಿ, ನೀವರ ಹಾಡ್ರಿ, ಕೇಳೂನು.”

ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಹಾಡಿದೆ. ಮುದುಕಿ ನಕ್ಕಳು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗು ನಿಂತಿತು. ಒರೆಸಿಕೊಳ್ಳುವುದು ನಿಲ್ಲಲಿಲ್ಲ.

24 ಆಗಸ್ಟ್, ಸಿರುಗುಪ್ಪ

ಹೇಳಿಬಿಟ್ಟೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಭಾಷಣ ಅಂಗಡಿ ಮೆಟ್ಟಿಲಲ್ಲೇ ಮರೆತುಹೋಯಿತು. “ಸಾವ್ಕಾರ್ರ, ಹಾಡು ಕಟ್ಟಿದಾತ ನಾನು. ನನ್ನೇಸಾಬನ್ನ ಬಿಡಸ್ರಿ. ನನ್ನ ಮ್ಯಾಲ ಕೇಸು ಹಾಕ್ರಿ.” ಅಷ್ಟೇ ಬಂತು.

ಪಾಲಯ್ಯ ಅಕ್ಕಿ ಚೀಲಕ್ಕೆ ಒರಗಿದ.

“ಎರಡನೇ ನುಡಿನೂ ನಿಮ್ಮದಽ?”

“ಅಲ್ರಿ.”

“ಅದಽ ಚಲೋ ಐತಿ.”

ಫಿರ್ಯಾದಿಯ ಅಭಿಪ್ರಾಯವೂ ಅದೇ! ಇನ್ನು ಆ ವಿಷಯದಲ್ಲಿ ನಾನು ವಾದಿಸುವುದಿಲ್ಲ.

ಆಮೇಲೆ ಆತನೇ ಮಾತಾಡಿದ. “ಮಸಿ ಹಚ್ಚತಿದ್ದಾಕಿ ನಮ್ಮಾಕಿ, ಮುನ್ಷಿಯವರ. ಅಮಾಸಿಗೊಮ್ಮಿ ಕುಂದ್ರಿಸಿ ಹಚ್ಚತಿದ್ಲು. ಮಳ್ಯಾಗ ನಿಂತ್ರೂ ಹೋಗ್ತಿದ್ದಿಲ್ಲ. ಅದಕ್ಕೇನು ಕೂಡಸ್ತಿದ್ಲೋ ಏನೋ… ಕೇಳಿರಲಿಲ್ಲ. ಹಂಗಽ ಹೋಗಿಬಿಟ್ಲು.”

ನನ್ನ ನಾಲ್ಕು ಸಾಲನ್ನು ಮನಸ್ಸಿನಲ್ಲೇ ಒಮ್ಮೆ ಹಾಡಿಕೊಂಡೆ. ನಗು ಬರಲಿಲ್ಲ.

“ಮನ್ಯಾಗ ಮಾತಾಡಾಕ ಒಬ್ಬರು ಬೇಕಂತ ಆ ಹುಡಿಗೀನ ಕೇಳಿದೆ. ಹನ್ನೆರಡರ ಕೂಸು ನನ್ನ ಕೂಡ ಏನು ಮಾತಾಡೀತು? ಆ ಮುದುಕಿ ನಕ್ಕಾಗಽ ನನಗೂ ತಿಳೀತು. ಸಿಟ್ಟು ಮಾತ್ರ ಇಳೀಲಿಲ್ಲ, ಕೇಸು ಹಾಕಿದೆ. ಈಗ ನೋಡ್ರಿ. ಮೊದಲು ಬೀದ್ಯಾಗ ಹುಡುಗ್ರು ಹಿಂದ ಹಾಡಕೋಂತ ಬರತಿದ್ವು. ಈಗ ಪೊಲೀಸರು ಹಿಡೀತಾರಂತ ನನ್ನ ಕಂಡ್ರ ಬಾಗಲಾ ಹಾಕ್ಕೋತಾವ. ನಾ ಹೊಂಟ್ರ ಓಣಿಗೆ ಓಣೀನಽ ಗಪ್ಪು.”

“ಅಂದ್ರ… ರಾಜಿ?”

“ಒಂದಽ ಒಂದು ಕೂಸು ಹೆದರದಂಗ ನನ್ನ ಮುಂದ ಹಾಡ್ಲಿ. ಅವತ್ತಽ ರಾಜಿ ಪತ್ರಕ್ಕ ರುಜು ಹಾಕ್ತೀನಿ. ಇಲ್ಲಂದ್ರ ಇಲ್ಲ. ಹಾಡು ಕಟ್ಟಿ ಬಿಟ್ಟವರು ನೀವು, ತಿರುಗಿ ಕರಕೊಂಡು ಬರ್ರಿ.”

ಸಾವಿರ ಮಕ್ಕಳ ಬಾಯಿ ಮುಚ್ಚಿಸು ಎಂದಿದ್ದರೆ ಕಷ್ಟ. ಒಂದು ಬಾಯಿ ತೆರೆಸುವುದು ಏನು ಮಹಾ! ಹರಳೆಣ್ಣೆಯ ಅನುಭವವಿದೆ.

26 ಆಗಸ್ಟ್, ಭಾನುವಾರ

ಮಹಾ.

ನಿನ್ನೆ ಓಣಿಯ ಮಕ್ಕಳಿಗೆ ಬೆಲ್ಲ ಹಂಚಿದೆ. ತಿಂದವು. ಮಂಡಾಳು ಹಂಚಿದೆ. ತಿಂದವು. ನರಿಯ ಕಥೆ ಹೇಳಿದೆ — ಬಾಯಿ ಬಿಟ್ಟುಕೊಂಡು ಕೇಳಿದವು, ಇನ್ನೊಂದು ಎಂದವು. ಪಾಲಯ್ಯ ತಿರುವಿನಲ್ಲಿ ಕಂಡದ್ದೇ ತಡ, ಗುಬ್ಬಿ ಹಾರಿದಂತೆ ಹಾರಿದವು.

ಇಂದು ಪಾಲಯ್ಯನನ್ನು ಹೊಗಳಿ ಹೊಸ ನುಡಿ ಕಟ್ಟಿದೆ: ದಾನಶೂರ, ಧರ್ಮವಂತ, ಇತ್ಯಾದಿ. ಎದುರು ಮನೆಯ ಎಲ್ಲಮ್ಮ, ಆರು ವರ್ಷ ಇರಬೇಕು, ಮುಂದಿನ ಎರಡು ಹಲ್ಲಿಲ್ಲ, ಕೇಳಿ ತೀರ್ಪು ಕೊಟ್ಟಳು: “ಇದು ಸಾಲ್ಯಾಗ ಹೊಡೆದು ಕಲಿಸೋದು.”

“ಹಂಗಾರ ಹಳೇದಽ ಹಾಡವ್ವಾ. ಅಜ್ಜ ಏನೂ ಅನ್ನಂಗಿಲ್ಲ.”

“ಹಾಡಿದ್ರ ನಮ್ಮಪ್ಪನ್ನ ಸೆರಿಮನ್ಯಾಗ ಇಡ್ತಾರ. ಬಳಿಗಾರನ್ನ ಇಟ್ಟಾರಲ್ಲ.”

ಇಪ್ಪತ್ತೊಂಬತ್ತರ ಬೆಳಗಿಗೆ ಕೋರ್ಟಿನಲ್ಲಿರಬೇಕಾದರೆ ನಾಳೆ ಮಧ್ಯಾಹ್ನದೊಳಗೆ ಗಾಡಿ ಹೂಡಬೇಕು. ರಾಜಿ ಪತ್ರ ಬರೆದು ಸಿದ್ಧವಾಗಿದೆ. ರುಜುವಿನ ಜಾಗ ಖಾಲಿ.

27 ಆಗಸ್ಟ್, ಬೆಳಗ್ಗೆ ಹತ್ತು

ಪಾಲಯ್ಯನ ಅಂಗಡಿ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಗಾಡಿ ಹೂಡಿದೆ. ಓಣಿ ಖಾಲಿ. ಎಲ್ಲ ಬಾಗಿಲುಗಳೂ ನಾಲ್ಕು ಬೆರಳಷ್ಟು ತೆರೆದಿವೆ, ಸಂದಿನಲ್ಲಿ ಕಣ್ಣುಗಳು.

“ಬರಂಗಿಲ್ಲ ಬಿಡ್ರಿ, ನಾ ಹೊಂಡತೀನಿ. ಕೋರ್ಟಿನ್ಯಾಗ ನನ್ನ ಹೆಸರು ನಾನಽ ಹೇಳತೀನಿ” ಎಂದೆ. ಹೇಳುವವನೇ. ಹೈಕೋರ್ಟಿನ ಹುಕುಂ ಇದೆ.

ಪಾಲಯ್ಯ ಎದ್ದ. ಶಲ್ಯ ತೆಗೆದು ಚೀಲದ ಮೇಲಿಟ್ಟ. ಮೆಟ್ಟಿಲಿಳಿದು ಓಣಿಯ ನಡುವೆ ನಿಂತ. ಕೆಮ್ಮಿದ…

ಹಾಡುತ್ತಿದ್ದಾನೆ! ಆ ಮೈಗೆ ಆ ದನಿ — ಕದ ಕಿರುಗುಟ್ಟಿದ ಹಾಗೆ.

“ಪ್ಯಾಟಿಗೆ ಹೊಂಟಾನ ಪಾಲಯ್ಯ…”

ಯಾರೂ ಇಲ್ಲ. ಕಣ್ಣುಗಳೂ ಹಿಂದೆ ಸರಿದವು. ಬೆವರುತ್ತಿದ್ದಾನೆ. ಮುಂದಿನ ಸಾಲು ಬಿಟ್ಟು ಅದರಾಚೆಯದಕ್ಕೆ ಹಾರಿದ — “ಮಳಿರಾಯ ಬಂದಾನ…”

“ಹಂಗಲ್ಲಜ್ಜಾ!”

ಎಲ್ಲಮ್ಮ. ಬಾಗಿಲ ಹಿಂದಿನಿಂದ. ತಡೆದುಕೊಳ್ಳಲಾಗಲಿಲ್ಲ ಆ ಮಗುವಿಗೆ. “ಮಳಿ ಆಮ್ಯಾಲ! ಮೊದಲು ಮೀಸಿಗಿ ಮಸಿ ಬಳಕೊಬೇಕು!”

“ಹೌದೇನವ್ವಾ? ನನಗ ಪೂರಾ ಬರಂಗಿಲ್ಲ. ನೀನಽ ಹೇಳಿಕೊಡು.”

ಬಾಗಿಲು ಇನ್ನಷ್ಟು ತೆರೆಯಿತು. ಹೊಸ್ತಿಲ ಮೇಲೆ ನಿಂತು, ಸೊಂಟಕ್ಕೆ ಕೈ ಇಟ್ಟು, ಮೇಷ್ಟರ ಹಾಗೆ, ನಾಲ್ಕೂ ಸಾಲು ಹಾಡಿದಳು. ಪಾಲಯ್ಯ ಹಿಂದಿನಿಂದ ಹೇಳುತ್ತಿದ್ದಾನೆ. ಮತ್ತೆ ತಪ್ಪಿದ. ಈಗ ಮೂರು ಬಾಗಿಲುಗಳಿಂದ ಕೂಗು. ಯಾರೋ ಡಬ್ಬಿ ತಂದರು. ಎರಡನೆಯ ನುಡಿಗೆ ಓಣಿಯೇ ತುಂಬಿದೆ. ಪಾಲಯ್ಯ ನಡುವೆ ನಿಂತು ನಗುತ್ತಿದ್ದಾನೆ, ಮೂಗು ಒರೆಸಿಕೊಳ್ಳುತ್ತಿದ್ದಾನೆ, ಇತ್ತ ಕೈ ಮಾಡಿ ಕೂಗುತ್ತಿದ್ದಾನೆ — “ಏ ಮುನ್ಷಿಯವರ! ಆ ಪತ್ರ ತರ್ರಿ! ಬರದದ್ದು ಸಾಕು, ಆ ಲೇಖಣಿ ಇತ್ತಾಗ ಕೊಡ್ರಿ!”

ಕೊಟ್ಟೆ ಸ್ವಾಮಿ, ಕೊಟ್ಟೆ, ಈ ಒಂದು ಸಾಲು —